ಅಪ್‌ಡೇಟ್: ಬಾಳೆಹಣ್ಣಿನ ವಾಸನೆಯ ಬಿಯರ್ ಕೆಟ್ಟಿರಲಿಲ್ಲ!

ಹೋದ ವಾರ ಕೇಳಿದ್ದೆನಲ್ಲ, ಸಣ್ಣ ಬ್ರೂವರಿಯೊಂದರ ಯುರೋಪ್ ಶೈಲಿಯ ಬಿಯರ್‌ಗಳಲ್ಲಿ ಹೆಫೆವೈಜನ್ (ಜರ್ಮನಿ ಶೈಲಿಯ ಗೋಧಿ ಬಿಯರ್) ಮಂಕಾಗಿದೆ, ಬಾಳೆಹಣ್ಣಿನ ವಾಸನೆ ಬೇರೆ, ಡುಬ್ಬೆಲ್‌ಗೆ (ಬೆಲ್ಜಿಯಂ ಶೈಲಿಯ ಕಂದು ಬಿಯರ್) ರುಚಿಯೇ ಇಲ್ಲ, ಕೆಟ್ಟಿದೆಯಾ ಅಂತ. ಯಾವುದೂ ಕೆಟ್ಟಿರಲಿಲ್ಲ.

"ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಸುಮ್ನೆ ಬಿಡಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಡುಬ್ಬೆಲ್ 10-12 ಡಿಗ್ರಿಗೆ ಬರುತ್ತಿದ್ದಂತೆ ಒಣದ್ರಾಕ್ಷಿ, ಸುಟ್ಟ ಸಕ್ಕರೆಯ ಪರಿಮಳ ಎದ್ದು ಬಂತು. ಗ್ಲಾಸ್ ಬದಲಾಯಿಸಿದ್ದರಿಂದ ನೊರೆ ಚೆಂದ ಕಂಡಿತು, ಅಷ್ಟೇ.

ಹೆಫೆವೈಜನ್‌ನ ತಳದ ಯೀಸ್ಟ್ ಮಡ್ಡಿ ಬಿಟ್ಟು ಬಗ್ಗಿಸಿ ಅಂದಿದ್ದರು. ಹಾಗೆ ಮಾಡಿದೆ, ಸಪ್ಪೆ. ಮುಂದಿನ ಬಾಟಲಿಯಲ್ಲಿ ಕೊನೆಗೆ ಎರಡು ಬೆರಳಷ್ಟು ಉಳಿಸಿ, ಮೆಲ್ಲಗೆ ತಿರುಗಿಸಿ, ಮಡ್ಡಿ ಸಮೇತ ಸುರಿದೆ. ಗ್ಲಾಸ್ ಪೂರ್ತಿ ಮೋಡ ಕವಿದ ಹಾಗಾಯ್ತು, ರುಚಿಯೂ ತುಂಬಿಕೊಂಡಿತು. ಡುಬ್ಬೆಲ್‌ಗೂ ಹಾಗೇ ಮಾಡಿ ಹಾಳು ಮಾಡಿಕೊಂಡೆ, ಅದು ಬೇರೆ ಕಥೆ.

ಅಂದ ಹಾಗೆ, ಹೆಫೆವೈಜನ್‌ಗೆ ಬಾಳೆಹಣ್ಣು ಹಾಕೋದೇ ಇಲ್ಲ! ಯೀಸ್ಟ್ ತಾನಾಗಿ ಐಸೊಅಮೈಲ್ ಅಸಿಟೇಟ್ ಅನ್ನೋದನ್ನು ಹುಟ್ಟಿಸುತ್ತದೆ. ಮಾಗಿದ ಬಾಳೆಹಣ್ಣಿನ ಘಮದಲ್ಲೂ ಅದೇ ಇರೋದು. ಲವಂಗದ ವಾಸನೆಯೂ ಯೀಸ್ಟ್‌ನದೇ ಕೆಲಸ. ಇನ್ನೂ ತಮಾಷೆ ಅಂದ್ರೆ, ಬವೇರಿಯಾದ 1516ರ ಬಿಯರ್ ಕಾನೂನಿನಲ್ಲಿ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಹೂವು), ನೀರು ಮಾತ್ರ. ಗೋಧಿಗೆ ಜಾಗವೇ ಇರಲಿಲ್ಲ.

ಲ್ಯಾಂಬಿಕ್ (ಬೆಲ್ಜಿಯಂನ ಹುಳಿ ಬಿಯರ್) ಶೈಲಿಯದು ಇನ್ನೂ ತೆರೆದಿಲ್ಲ. ಹುಳಿ ಹೊಡೆದರೆ ಈ ಸಲ ಗಾಬರಿಯಾಗಲ್ಲ.