ನಾಲ್ಕು ತಿಂಗಳಾಯ್ತು, ಇನ್ನೂ ತ ದಿ ತೊಂ ನಂ. ಮೃದಂಗದ ಮೇಷ್ಟ್ರನ್ನು ಬದಲಾಯಿಸಲಾ?

ತಡವಾಗಿ_ಬಂದವನು

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಬೆಂಗಳೂರಿನಲ್ಲಿ ಕೆಲಸ. ಸ್ಕೂಲಲ್ಲಿ ಬೆಂಚು ಬಡಿದು ಬೈಸಿಕೊಂಡಿದ್ದು ಬಿಟ್ಟರೆ ತಾಳಕ್ಕೂ ನನಗೂ ಸಂಬಂಧ ಇರಲಿಲ್ಲ. ಈ ವರ್ಷ ಧೈರ್ಯ ಮಾಡಿ ಮನೆ ಹತ್ತಿರದ ಒಬ್ಬ ಮೇಷ್ಟ್ರ ಹತ್ತಿರ ಮೃದಂಗಕ್ಕೆ ಸೇರಿಕೊಂಡೆ. ವಾರಕ್ಕೆ ಎರಡು ದಿನ, ಬೆಳಗ್ಗೆ ಆರೂವರೆಗೆ, ಅವರ ಮನೆಯಲ್ಲೇ, ನಾನೊಬ್ಬನೇ.

ಸಮಸ್ಯೆ ಏನಂದ್ರೆ, ನಾಲ್ಕು ತಿಂಗಳಾದರೂ ಮೊದಲ ಪಾಠವಾದ ತ ದಿ ತೊಂ ನಂ ಮುಗಿದಿಲ್ಲ. ವೇಗ ಏರಿಸುತ್ತಾ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ, ಮತ್ತೆ ನಿಧಾನಕ್ಕೆ ಒಂದನೇ ಕಾಲ. ಅರ್ಧ ಪಾಠ ಬಾಯಲ್ಲೇ ನಡೆಯುತ್ತದೆ, ಕೈಯಲ್ಲಿ ಎಂಟೆಣಿಕೆಯ ಆದಿ ತಾಳ ಹಾಕುತ್ತಾ ಸೊಲ್ಲು (ಏಟುಗಳ ಹೆಸರು) ಹೇಳಬೇಕು, ತಪ್ಪಿದರೆ ಮೊದಲಿಂದ. ಉಳಿದರ್ಧದಲ್ಲಿ ನನ್ನ ಬಲಗಾಲು ಜೋಮು ಹಿಡಿದಿರುತ್ತದೆ. ಪಕ್ಕದ ಮನೆ ಹುಡುಗ ಡ್ರಮ್ಸ್ ಕ್ಲಾಸಿಗೆ ಸೇರಿ ಎರಡೇ ತಿಂಗಳು, ಆಗಲೇ ಒಂದು ಪೂರ್ತಿ ಹಾಡಿಗೆ ಬಾರಿಸುತ್ತಾನೆ. ನನ್ನ ಹೆಂಡತಿ ಏನೂ ಹೇಳೋದಿಲ್ಲ, ಆದರೆ ಆ ಹುಡುಗ ಶುರು ಮಾಡಿದ ತಕ್ಷಣ ನನ್ನ ಮುಖ ನೋಡುತ್ತಾಳೆ.

ಮೇಷ್ಟ್ರು ಒಳ್ಳೆಯವರು, ಆದರೆ ಮಾತು ಕಡಿಮೆ. ಇದು ಹೀಗೇನಾ, ಅಥವಾ ವಯಸ್ಸಾದವನು ಅಂತ ಸುಮ್ನೆ ಕೂರಿಸಿದ್ದಾರಾ?

ಹಲಸಿನ_ಕಟ್ಟೆ

ಹೀಗೇ. ನನಗೆ ಆರು ತಿಂಗಳು ಹಿಡಿದಿತ್ತು, ಆಗ ನನಗೆ ಹನ್ನೊಂದು ವರ್ಷ, ಅಂದರೆ ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ.

ಒಂದು ಕೇಳುತ್ತೇನೆ. ನಿಮ್ಮ ನಂ ಹೇಗೆ ಕೇಳುತ್ತದೆ? ನಮ್ಮ ಪಾಠದಲ್ಲಿ ತ, ತೊಂ ಎಡಗೈಗೆ, ದಿ, ನಂ ಬಲಗೈಗೆ. ನಾಲ್ಕರಲ್ಲಿ ನಂ ಕಷ್ಟದ್ದು. ತೋರುಬೆರಳು ಅಂಚಿನ ಚರ್ಮಕ್ಕೆ ಬೀಳುವ ಹೊತ್ತಿಗೆ ಉಂಗುರದ ಬೆರಳು ಕರಣೆಯ (ನಡುವಿನ ಕಪ್ಪು ವೃತ್ತದ) ಅಂಚಿನ ಮೇಲೆ ಸುಮ್ನೆ ತಾಗಿರಬೇಕು, ಒತ್ತಬಾರದು. ಒತ್ತಿದರೆ ಟಕ್ ಅನ್ನುತ್ತದೆ. ಪೂರ್ತಿ ಎತ್ತಿದರೆ ಇನ್ನೇನೋ ನಾದ ಬರುತ್ತದೆ. ಹದವಾಗಿ ಇಟ್ಟರೆ ಮಾತ್ರ ತಂಬೂರಿಯ ಶ್ರುತಿಗೆ ಸೇರಿಕೊಂಡು ಒಂದು ಎಳೆ ಹಾಗೆ ನಿಲ್ಲುತ್ತದೆ. ಆ ಬೆರಳಿನ ಭಾರ ಎಷ್ಟು ಅಂತ ಯಾರೂ ಹೇಳಿಕೊಡೋಕಾಗಲ್ಲ, ದಿನಾ ಕೂತು ತಪ್ಪು ಮಾಡಿಯೇ ಗೊತ್ತಾಗಬೇಕು. ಬಹುಶಃ ನಿಮ್ಮ ಮೇಷ್ಟ್ರು ಅದಕ್ಕೇ ಕಾಯುತ್ತಿದ್ದಾರೆ.

ಬಾಯಿಪಾಠದ ವಿಷಯ. ಇದೇ ಮುಂದೆ ಕೊನ್ನಕ್ಕೋಲ್ ಆಗುತ್ತದೆ, ಅದೇ ಒಂದು ಕಲೆ, ಕಚೇರಿಯಲ್ಲಿ ಬರೀ ಸೊಲ್ಲು ಹೇಳಿಯೇ ತನಿ (ತಾಳವಾದ್ಯದವರ ಸರದಿ) ನಡೆಸುವವರಿದ್ದಾರೆ. ಈಗಲೇ ಒಂದು ಮಾಡಿ ನೋಡಿ. ಆದಿ ತಾಳ ಹಾಕಿ, ಎಣಿಕೆಗೆ ನಾಲ್ಕು ಮಾತ್ರೆ, ಎಂಟು ಎಣಿಕೆಯ ಒಂದು ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, ಒಟ್ಟು 32. ತದಿಗಿಣತೊಂ ಐದು ಮಾತ್ರೆ, ಮೂರು ಸಲ ಹೇಳಿದರೆ 15. ಅದು ಸಮಕ್ಕೆ (ಮುಂದಿನ ಸುತ್ತಿನ ಮೊದಲ ಎಣಿಕೆಗೆ) ಬಂದು ಬೀಳಬೇಕಾದರೆ ಎಲ್ಲಿ ಎತ್ತಿಕೊಳ್ಳಬೇಕು? 17 ಕಳೆದ ಮೇಲೆ, ಅಂದರೆ ಐದನೇ ಎಣಿಕೆ ಬಿದ್ದು ಒಂದು ಮಾತ್ರೆ ಬಿಟ್ಟು. ಲೆಕ್ಕ ಕಾಗದದ ಮೇಲೆ ಸುಲಭ. ಬಾಯಲ್ಲಿ ಹೇಳಿ ನೋಡಿ, ಹತ್ತು ಸಲದಲ್ಲಿ ಎಂಟು ಸಲ ಐದನೇ ಎಣಿಕೆಯ ಮೇಲೇ ಶುರು ಮಾಡಿಬಿಡುತ್ತೀರಿ. ಬಾಯಿಗೆ ಬಾರದ್ದು ಕೈಗೆ ಬರೋದಿಲ್ಲ.

ಬಾಸ್_ಡ್ರಮ್_ಬಸವ

ನಾನು ಡ್ರಮ್ಸ್ ಕಡೆಯವನು, ಪಕ್ಕದ ಮನೆ ಹುಡುಗನ ಪರ ಮಾತಾಡೋಣ ಅಂತ ಬಂದೆ, ಆದರೆ ಆಗ್ತಾ ಇಲ್ಲ.

ನನ್ನ ಮೊದಲ ಮೇಷ್ಟ್ರು ಬರೀ ಹಾಡು ಕಲಿಸಿದರು. ವಾರಕ್ಕೊಂದು ಹಾಡು, ಅಪ್ಪ ಅಮ್ಮ ಖುಷಿ, ನಾನೂ ಖುಷಿ. ಎರಡು ವರ್ಷ ಆದ ಮೇಲೆ ಕಾಲೇಜಿನ ಹುಡುಗರ ಜೊತೆ ನುಡಿಸೋಕೆ ಕೂತೆ, ಗಿಟಾರಿನವನು ಅರ್ಧ ಹಾಡಿಗೇ ನಿಲ್ಲಿಸಿ "ನೀನು ಎಲ್ಲಿಗೆ ಓಡ್ತಾ ಇದೀಯ?" ಅಂದ. ಫಿಲ್ (ಸಾಲುಗಳ ನಡುವೆ ತುಂಬುವ ಸಣ್ಣ ತುಣುಕು) ಬಂದಾಗೆಲ್ಲ ನನ್ನ ವೇಗ ಏರುತ್ತಿತ್ತು, ನನಗೆ ಗೊತ್ತೇ ಆಗುತ್ತಿರಲಿಲ್ಲ. ಜೊತೆಗೆ ಸ್ಟಿಕ್ ಬಿಗಿಯಾಗಿ ಹಿಡಿದು ಹಿಡಿದು ಮಣಿಕಟ್ಟು ನೋವು.

ಎರಡನೇ ಮೇಷ್ಟ್ರು ಡ್ರಮ್ ಸೆಟ್ಟಿನಿಂದ ಎಬ್ಬಿಸಿ ಪ್ರಾಕ್ಟೀಸ್ ಪ್ಯಾಡಿನ ಮುಂದೆ ಕೂರಿಸಿದರು. ಟಿಕ್ ಟಿಕ್ ಅಂತ ವೇಗ ತೋರಿಸೋ ಮೆಟ್ರೊನೋಮ್ 60ಕ್ಕೆ ಇಟ್ಟು ಪ್ಯಾರಾಡಿಡಲ್: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಮೂರು ತಿಂಗಳು. 60 ಅಂದರೆ ಸೆಕೆಂಡಿಗೆ ಒಂದು, ಕೇಳೋಕೆ ಸುಲಭ ಅನ್ಸುತ್ತೆ ಅಲ್ವಾ? ನಿಧಾನಕ್ಕೆ ಬಾರಿಸುವಾಗಲೇ ಎಡಗೈ ಎಷ್ಟು ಸೋಮಾರಿ ಅಂತ ಗೊತ್ತಾಗೋದು. ಇಂಥ ರೂಡಿಮೆಂಟುಗಳ (ಡ್ರಮ್ಸಿನ ಮೂಲ ಪಾಠಗಳ) ಪಟ್ಟಿಯಲ್ಲಿ ಒಟ್ಟು 40 ಇವೆ, ನಿಮ್ಮದು ಬರೀ ನಾಲ್ಕು ಸೊಲ್ಲು, ಖುಷಿಪಡಿ.

ಹುಡುಗನಿಗೆ ಮಾತ್ರ ಏನೂ ಹೇಳಬೇಡಿ, ಹಾಡಿನ ಆಸೆಯಿಂದಲೇ ಎಷ್ಟೋ ಮಕ್ಕಳು ಉಳಿಯೋದು.

ಮಿಶ್ರಚಾಪು

ಎಲ್ಲರೂ ತಾಳ್ಮೆ ತಾಳ್ಮೆ ಅನ್ನುತ್ತಿದ್ದಾರೆ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಾಲ್ಕು ತಿಂಗಳು ಒಂದೇ ಪಾಠ ಆಗೋದು ತಪ್ಪಲ್ಲ. ಆದರೆ ನೀವು ನುಡಿಸುವಾಗ ಮೇಷ್ಟ್ರು ಏನು ಮಾಡುತ್ತಾರೆ? ನನ್ನ ಮೊದಲ ಮೇಷ್ಟ್ರು "ಹೂಂ, ನುಡಿಸ್ತಾ ಇರು" ಅಂತ ಒಳಗೆ ಹೋಗುತ್ತಿದ್ದರು. ಕಾಫಿ ಕುಡಿದು, ಫೋನ್ ನೋಡಿ, ಮುಕ್ಕಾಲು ಗಂಟೆಗೆ ಬಂದು "ಸಾಕು" ಅನ್ನುತ್ತಿದ್ದರು. ಒಂದು ವರ್ಷ ಹಾಗೇ ಕಳೆಯಿತು. ಈಗ ಕಲಿಸುತ್ತಿರುವವರು ನಾನು ತಪ್ಪಿದ ತಕ್ಷಣ ನಿಲ್ಲಿಸುತ್ತಾರೆ, ತಮ್ಮ ಮೃದಂಗದಲ್ಲಿ ನುಡಿಸಿ ತೋರಿಸುತ್ತಾರೆ, ಬೆರಳು ಹಿಡಿದು ಸರಿ ಜಾಗಕ್ಕೆ ಇಡುತ್ತಾರೆ. ಪಾಠ ಅದೇ, ತ ದಿ ತೊಂ ನಂ.

ಇನ್ನೊಂದು, ಬಾಯಿಬಿಟ್ಟು ಕೇಳಿ. "ಏನು ಸರಿಯಾದರೆ ಮುಂದಿನ ಪಾಠ?" ಅನ್ನೋದರಲ್ಲಿ ಅಗೌರವ ಏನಿದೆ? ದುಡ್ಡು ಕೊಡುತ್ತಿದ್ದೀರಿ, ಬೆಳಗ್ಗೆ ಎದ್ದು ಹೋಗುತ್ತಿದ್ದೀರಿ. ಗುರುಭಕ್ತಿ ಅಂದರೆ ಬಾಯಿ ಮುಚ್ಚಿಕೊಂಡು ಇರೋದಲ್ಲ.

ಡಬ್ಲಿನ್_ಕನ್ನಡಿಗ

ಎದುರಿಗೆ ಕೂತು ಕಲಿಯೋ ಭಾಗ್ಯ ನಿಮಗಿದೆ, ನನ್ನ ಹೊಟ್ಟೆ ಉರಿಯುತ್ತಿದೆ. ನಾನು ಮೈಸೂರಿನ ಮೇಷ್ಟ್ರ ಹತ್ತಿರ ವಿಡಿಯೊ ಕಾಲ್‌ನಲ್ಲಿ ಕಲಿಯುತ್ತಿದ್ದೇನೆ. ಇಬ್ಬರೂ ಒಟ್ಟಿಗೆ ನುಡಿಸೋಕಾಗಲ್ಲ, ಶಬ್ದ ತಡವಾಗಿ ತಲುಪುತ್ತದೆ, ಅವರು ತಾಳ ಹಾಕಿದರೆ ನನಗೆ ಕೇಳೋ ಹೊತ್ತಿಗೆ ಅವರು ಮುಂದೆ ಹೋಗಿರುತ್ತಾರೆ. ಮೊದಲ ಒಂದು ತಿಂಗಳು ನನ್ನ ತೊಂ ಅವರಿಗೆ ಕೇಳಿಸಲೇ ಇಲ್ಲ. ಝೂಮ್ ಅದನ್ನು ಗದ್ದಲ ಅಂದುಕೊಂಡು ನುಂಗಿಹಾಕುತ್ತಿತ್ತು! ಒರಿಜಿನಲ್ ಸೌಂಡ್ ಅನ್ನೋ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಸರಿಹೋಯಿತು.

ಚಳಿಗಾಲದಲ್ಲಿ ಮನೆ ಹೀಟರ್ ಹಾಕಿದರೆ ಗಾಳಿ ಒಣಗಿ ಚರ್ಮ ಬಿಗಿಯಾಗುತ್ತದೆ, ಶ್ರುತಿ ಮೇಲೆ ಹೋಗುತ್ತದೆ. ಮೇಷ್ಟ್ರು ಎದುರಿಗಿದ್ದಿದ್ದರೆ ಮೃದಂಗದ ಅಂಚಿಗೆ ಕಲ್ಲಿನಲ್ಲಿ ನಾಲ್ಕು ಏಟು ಹಾಕಿ ಶ್ರುತಿ ಕೂರಿಸುತ್ತಿದ್ದರು, ನಾನು ಕಲ್ಲು ಹಿಡಿದರೆ ಸರಿ ಇದ್ದಿದ್ದೂ ಕೆಡುತ್ತದೆ.

ತಡವಾಗಿ_ಬಂದವನು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಕೇಳಿಯೇಬಿಟ್ಟೆ, ಏನು ಸರಿಯಾದರೆ ಮುಂದಿನ ಪಾಠ ಅಂತ. ಮೇಷ್ಟ್ರು ನಕ್ಕು, ನನ್ನ ಉಂಗುರದ ಬೆರಳನ್ನು ಎರಡು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ಎತ್ತಿ "ಈಗ ಹೊಡಿ" ಅಂದರು. ಹೊಡೆದೆ. ಹಲಸಿನ_ಕಟ್ಟೆ ಹೇಳಿದ ಆ ಎಳೆ ಒಂದು ಸಲ ಬಂತು. ಅವರು ಬೆರಳು ಬಿಟ್ಟ ಮೇಲೆ ಮತ್ತೆ ಟಕ್. "ಇದನ್ನೇ ಇಷ್ಟು ದಿನ ಹೇಳ್ತಾ ಇದ್ದೆ" ಅಂದರು, ಆದರೆ ಆಣೆ ಮಾಡಿ ಹೇಳುತ್ತೇನೆ, ಹೇಳಿರಲಿಲ್ಲ!

ಮಿಶ್ರಚಾಪು, ನಮ್ಮವರು ಎದ್ದು ಹೋಗೋದಿಲ್ಲ, ಕಣ್ಣು ಮುಚ್ಚಿ ಕೂತಿರುತ್ತಾರೆ. ನಿದ್ದೆ ಅಂದುಕೊಂಡಿದ್ದೆ, ಆದರೆ ನಾನು ತಪ್ಪಿದಾಗ ಸರಿಯಾಗಿ ಹುಬ್ಬು ಗಂಟಿಕ್ಕುತ್ತಾರೆ ಅಂತ ಇವತ್ತು ಗಮನಿಸಿದೆ. ಸದ್ಯಕ್ಕೆ ಬದಲಾಯಿಸೋದಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ಮನೆಯಲ್ಲಿ ಮೃದಂಗದ ಎಡಗಡೆಯ ಚರ್ಮಕ್ಕೆ ನಾನೇ ರವೆ ಹಚ್ಚಬೇಕಂತೆ. ಚಿರೋಟಿ ರವೆನಾ, ಬನ್ಸಿ ರವೆನಾ? ಮೇಷ್ಟ್ರನ್ನು ಕೇಳೋಕೆ ನಾಚಿಕೆ ಆಯ್ತು.

ಹಲಸಿನ_ಕಟ್ಟೆ

ಉಪ್ಪಿಟ್ಟಿಗೆ ತಂದಿಟ್ಟಿದ್ದೇ ಸಾಕು, ಆದರೆ ಹುರಿದಿದ್ದು ಬೇಡ, ಅಂಟು ಬರೋದಿಲ್ಲ. ಸ್ವಲ್ಪ ನೀರು ಹಾಕಿ ಅಂಗೈಯಲ್ಲಿ ಚೆನ್ನಾಗಿ ನಾದಿ, ನಡುವೆ ಗುಂಡಗೆ ಹಚ್ಚಿ, ತೊಂ ಕೇಳುತ್ತಾ ಸ್ವಲ್ಪ ಸ್ವಲ್ಪ ಸೇರಿಸಿ. ಜಾಸ್ತಿಯಾದರೆ ಶ್ರುತಿ ತೀರಾ ಕೆಳಗೆ ಇಳಿಯುತ್ತದೆ. ನುಡಿಸಿ ಆದ ಮೇಲೆ ಕೆರೆದು ತೆಗೆಯೋದು ಮರೀಬೇಡಿ. ನಾನೊಮ್ಮೆ ಹಾಗೇ ಬಿಟ್ಟು ಊರಿಗೆ ಹೋಗಿದ್ದೆ, ಬರುವಷ್ಟರಲ್ಲಿ ಇರುವೆಗಳ ಮದುವೆ ನಡೆದಿತ್ತು.