ಸಹಾಯ ಬೇಕು: ಪಿಸಿಎಂ1794ಎ ಡ್ಯಾಕ್, ಆಪ್-ಆಂಪ್ ಬದಲಿಸಿದರೆ ಆಸಿಲೇಷನ್

ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡೋ) ಚಿಪ್‌ನ ಔಟ್‌ಪುಟ್ ಕರೆಂಟ್ ಆದ್ದರಿಂದ ಪ್ರತಿ ಚಾನೆಲ್‌ಗೆ ಎರಡು ಐ-ವಿ (ಕರೆಂಟನ್ನು ವೋಲ್ಟೇಜ್ ಮಾಡೋ) ಹಂತ, ಆಮೇಲೆ ಅವೆರಡರ ವ್ಯತ್ಯಾಸ ತೆಗೆಯೋ ಒಂದು ಡಿಫರೆನ್ಷಿಯಲ್ ಹಂತ. ಐ-ವಿ ಫೀಡ್‌ಬ್ಯಾಕ್‌ನಲ್ಲಿ 750 ಓಮ್, ಅದಕ್ಕೆ ಪ್ಯಾರಲಲ್ ಆಗಿ 2.2 ನ್ಯಾನೋಫ್ಯಾರಡ್. ಸಪ್ಲೈ ±15 ವೋಲ್ಟ್.

ಎನ್‌ಇ5532 ಆಪ್-ಆಂಪ್ (ಆಂಪ್ಲಿಫೈಯರ್ ಚಿಪ್) ಇದ್ದಾಗ ಆಸಿಲೇಷನ್ ತೊಂದರೆಯೇ ಇಲ್ಲ. ಅಡಾಪ್ಟರ್ ಮೇಲೆ ಒಪಿಎ1612 ಕೂರಿಸಿದರೆ ಬಲ ಚಾನೆಲ್‌ನ ಐ-ವಿ ಚಿಪ್ ಬೆರಳಿಡಲಾಗದಷ್ಟು ಬಿಸಿ. ಹಾಡು ನಿಲ್ಲಿಸಿದರೂ ಸ್ಕೋಪ್‌ನಲ್ಲಿ ಮೆಗಾಹರ್ಟ್ಸ್ ಮಟ್ಟದ ಅಲೆ, ಅಂದರೆ ತಾನಾಗೇ ಏಳೋ ಆಸಿಲೇಷನ್. ಎಡ ಬಲ ಚಿಪ್ ಅದಲುಬದಲು ಮಾಡಿದರೂ ದೋಷ ಬಲದಲ್ಲೇ ಉಳಿಯುತ್ತೆ, ಹಾಗಾಗಿ ನಕಲಿ ಚಿಪ್ ಅನ್ನೋ ಮಾತು ಬಿಡಿ. ಆ ಕಡೆ 0.1 ಮೈಕ್ರೋಫ್ಯಾರಡ್ ಡೀಕಪ್ಲಿಂಗ್ (ಸಪ್ಲೈ ಏರಿಳಿತ ತಡೆಯೋ) ಕೆಪಾಸಿಟರ್ ಸಾಕೆಟ್‌ನಿಂದ ಸುಮಾರು 25 ಮಿ.ಮೀ. ದೂರ ಇದೆ. ಅನುಮಾನ ಅದರ ಮೇಲೇ.

ಐ-ವಿ ಔಟ್‌ಪುಟ್‌ನಲ್ಲಿ 4.6 ವೋಲ್ಟ್ ಡಿಸಿ ಇದೆ, ಅದು ಇರಬೇಕಾದ್ದೇ: 6.2 ಮಿಲಿಆಂಪ್ ಸ್ಥಿರ ಕರೆಂಟ್ ಗುಣಿಸು 750 ಓಮ್.

ಕೇಳಬೇಕಿರೋದು ಇಷ್ಟು. ಅಡಾಪ್ಟರ್ ಮೇಲೆಯೇ 4 ಮತ್ತು 8ನೇ ಪಿನ್ (ಸಪ್ಲೈ ಪಿನ್‌ಗಳು) ನಡುವೆ 0.1 ಮೈಕ್ರೋಫ್ಯಾರಡ್ ಎಕ್ಸ್7ಆರ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿದರೆ ಸಾಕಾ, ಅಥವಾ ಎರಡೂ ರೈಲ್‌ನಿಂದ ಗ್ರೌಂಡ್‌ಗೆ ಬೇರೆ ಬೇರೆ ಬೇಕಾ? ಫೀಡ್‌ಬ್ಯಾಕ್ ಕೆಪಾಸಿಟರ್ ಸಿ0ಜಿ (ಬೆಲೆ ಸ್ಥಿರವಾಗಿರೋ ಸೆರಾಮಿಕ್ ಬಗೆ), ಅದನ್ನು 2.7 ನ್ಯಾನೋಗೆ ಏರಿಸಿದರೆ ಬ್ಯಾಂಡ್‌ವಿಡ್ತ್ 96ರಿಂದ 79 ಕಿಲೋಹರ್ಟ್ಸ್‌ಗೆ ಇಳಿಯುತ್ತೆ, ಅಷ್ಟು ಪರವಾಗಿಲ್ಲ, ಆದರೆ ಆಸಿಲೇಷನ್‌ಗೆ ಅದರಿಂದ ಉಪಯೋಗ ಉಂಟಾ?

ಇನ್ನೊಂದು: ಔಟ್‌ಪುಟ್‌ನಲ್ಲಿ ಡಿಸಿ ತಡೆಯೋ ಕಪ್ಲಿಂಗ್ ಕೆಪಾಸಿಟರ್ ತೆಗೆಯೋ ಯೋಚನೆ ಇದೆ. ಎನ್‌ಇ5532 ಇದ್ದಾಗಲೂ ಬಲದಲ್ಲಿ 38 ಮಿಲಿವೋಲ್ಟ್ ಆಫ್‌ಸೆಟ್ (ಬೇಡದ ಡಿಸಿ). ಡಿಫರೆನ್ಷಿಯಲ್ ಹಂತದ ರೆಸಿಸ್ಟರ್‌ಗಳು ಶೇ. 1ರವು. ಶೇ. 0.1ಕ್ಕೆ ಬದಲಿಸಿದವರು ಎಷ್ಟಕ್ಕೆ ಇಳಿಯಿತು ಅಂತ ತಿಳಿಸಿ. ಸರ್ವೋ (ಆಫ್‌ಸೆಟ್ ತಾನೇ ಸರಿಪಡಿಸೋ ಸರ್ಕ್ಯೂಟ್) ಹಾಕಲು ಬೋರ್ಡ್‌ನಲ್ಲಿ ಜಾಗ ಇಲ್ಲ.