ಸಹಾಯ ಬೇಕು: ಫೊನ್ಸೆಕಾ ಎಷ್ಟು ಎತ್ತರಕ್ಕೆ ಏರಬಹುದು?

ಎಲ್ಲರಿಗೂ ನಮಸ್ಕಾರ. ಟೆನಿಸ್ ಚೆನ್ನಾಗಿ ಬಲ್ಲವರು ಸ್ವಲ್ಪ ದಾರಿ ತೋರಿಸಿ. ಬ್ರೆಜಿಲ್‌ನ ಜೊವಾವ್ ಫೊನ್ಸೆಕಾ ಮುಂದೆ ಎಲ್ಲಿಯವರೆಗೆ ಹೋಗಬಲ್ಲ ಅಂತ ಅಂದಾಜು ಮಾಡುವುದು ಹೇಗೆ?

2023ರಲ್ಲಿ ಯುಎಸ್ ಓಪನ್ ಜೂನಿಯರ್ ಗೆದ್ದ ಹುಡುಗ. 2025ರ ಆಸ್ಟ್ರೇಲಿಯನ್ ಓಪನ್ ಮೊದಲ ಸುತ್ತಿನಲ್ಲೇ 9ನೇ ಶ್ರೇಯಾಂಕದ ರಷ್ಯಾ ಆಟಗಾರ ರುಬ್ಲೆವ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದ. ಮರುತಿಂಗಳು ಬ್ಯೂನಸ್ ಐರಿಸ್‌ನಲ್ಲಿ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಟೂರ್) ಪ್ರಶಸ್ತಿ. ಆಗ ವಯಸ್ಸು ಬರೀ 18! ಆ ಫೋರ್‌ಹ್ಯಾಂಡ್ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಆದರೆ ಜೂನಿಯರ್ ಗೆಲುವನ್ನು ಎಷ್ಟು ನಂಬಬಹುದು? ಬಲ್ಗೇರಿಯಾದ ದಿಮಿತ್ರೊವ್ 2008ರಲ್ಲಿ ವಿಂಬಲ್ಡನ್, ಯುಎಸ್ ಓಪನ್ ಎರಡರಲ್ಲೂ ಜೂನಿಯರ್ ಚಾಂಪಿಯನ್. ಮುಂದೆ ವಿಶ್ವದ 3ನೇ ಸ್ಥಾನಕ್ಕೂ ಏರಿದರು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಮಾತ್ರ ಕೈಗೆ ಸಿಗಲಿಲ್ಲ. ಅತ್ತ ಸ್ವಿಟ್ಜರ್ಲೆಂಡ್‌ನ ವಾವ್ರಿಂಕಾ ಮೊದಲ ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು 28ನೇ ವಯಸ್ಸಿನಲ್ಲಿ. ಹಾಗಾಗಿ ವಯಸ್ಸೊಂದನ್ನೇ ಹಿಡಿದು ಲೆಕ್ಕ ಹಾಕಿದರೆ ಸಾಲದು, ಅಲ್ವಾ?

ಸರ್ವ್ ರಿಟರ್ನ್ (ಎದುರಾಳಿಯ ಸರ್ವ್ ಮರಳಿಸುವುದು), ಮೊದಲ ಸರ್ವ್ ತಪ್ಪಿದಾಗ ಹಾಕುವ ಎರಡನೇ ಸರ್ವ್‌ನಲ್ಲಿ ಗೆಲ್ಲುವ ಪಾಯಿಂಟ್, ಐದು ಸೆಟ್ ತಾಳುವ ಮೈಕಟ್ಟು, ಕಾಲಿನ ಚುರುಕು ಇವೇ ಜಾಸ್ತಿ ಮುಖ್ಯ ಅಂತ ನನ್ನ ಅನಿಸಿಕೆ. ಹೈಲೈಟ್ಸ್‌ನಲ್ಲಿ ಇದ್ಯಾವುದೂ ಸರಿಯಾಗಿ ಕಾಣುವುದಿಲ್ಲ. ಪೂರ್ತಿ ಪಂದ್ಯ ನೋಡುವಾಗ ನೀವು ಮೊದಲು ಏನನ್ನು ಗಮನಿಸುತ್ತೀರಿ? ಹುಲ್ಲು, ಮಣ್ಣು, ಹಾರ್ಡ್ ಕೋರ್ಟ್‌ಗಳ ಅಂಕಿಅಂಶ ಬೇರೆ ಬೇರೆಯಾಗಿಯೇ ನೋಡಬೇಕಾ? ಕೋಚಿಂಗ್ ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.